ಪಠ್ಯಮಾತ್ರ ಬ್ರೌಸರ್ ಮೂಲಕ ಜಾಲತಾಣ ಪರೀಕ್ಷೆ

ಚಿತ್ರ, ಬಣ್ಣ, ವಿನ್ಯಾಸಗಳನ್ನೆಲ್ಲ ಬಿಟ್ಟು ಜಾಲಪುಟದ ಅಕ್ಷರಗಳನ್ನಷ್ಟೇ ತೋರಿಸುವ ತಂತ್ರಾಂಶವೇ ಪಠ್ಯಮಾತ್ರ ಬ್ರೌಸರ್. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ ಲಿಂಕ್ಸ್ ಇಂಥದ್ದು, ಇಂದಿಗೂ ಬಳಕೆಯಲ್ಲಿದೆ. ಪರದೆಯ ಪಠ್ಯವನ್ನು ದನಿಯಾಗಿ ಓದಿ ಹೇಳುವ ಅಂಧರ ಸ್ಕ್ರೀನ್ ರೀಡರ್‌ಗೆ ತಾಣವೊಂದು ಎಟುಕೀತೇ ಎಂಬುದರ ಮೊದಲ ಸುಳಿವು ಇದರಲ್ಲಿ ಸಿಗುತ್ತದೆ. ಕನ್ನಡದ ತಾಣಗಳಿಗಂತೂ ಈ ಪರೀಕ್ಷೆ ಇನ್ನೂ ಅಗತ್ಯ. ಕಣ್ಣಿಗೆ ಅಕ್ಷರವಾಗಿ ಕಂಡದ್ದೆಲ್ಲ ಕಂಪ್ಯೂಟರಿಗೂ ಕನ್ನಡ ಅಕ್ಷರವೇ ಆಗಿರಬೇಕೆಂದಿಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹದಂಥ ತಂತ್ರಾಂಶಗಳ ಫಾಂಟುಗಳು ಲ್ಯಾಟಿನ್ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಹಾಗೆ ಬೆರಳಚ್ಚಾದ 'ಕೋಲಾರ' ಲಿಂಕ್ಸ್‌ನಲ್ಲಿ ಪಿ, ಜಿ ಅಕ್ಷರಗಳೂ ನೆತ್ತಿಯ ಮೇಲೆ ಗುರುತು ಹೊತ್ತ ರೋಮನ್ ಸ್ವರಗಳೂ ಆಗಿ ಹೊರಬೀಳುತ್ತದೆ. ಸ್ಕ್ರೀನ್ ರೀಡರ್ ಓದುವುದೂ ಅದನ್ನೇ. ಕೋಲಾರದ ಟೊಮೆಟೊ ಮಾರುಕಟ್ಟೆಯದೋ ಶ್ರೀನಿವಾಸಪುರದ ಮಾವಿನದೋ ದರಪಟ್ಟಿಯ ಫೋಟೊವನ್ನು, ಚಿತ್ರದಲ್ಲಿರುವುದನ್ನು ಅಕ್ಷರದಲ್ಲಿ ಹೇಳುವ ಬದಲಿ ಪಠ್ಯವಿಲ್ಲದೆ ಪುಟಕ್ಕೆ ಏರಿಸಿದರೆ, ದರದ ಜಾಗದಲ್ಲಿ ಆವರಣದೊಳಗೆ ಕಡತದ ಹೆಸರೊಂದೇ ಉಳಿಯುತ್ತದೆ. ಕೊಂಡಿಗಳ ಪಟ್ಟಿ ತೆರೆದಾಗ ಸಾಲುಸಾಲಾಗಿ 'ಇಲ್ಲಿ ಕ್ಲಿಕ್ ಮಾಡಿ' ಎಂದಷ್ಟೇ ಇದ್ದರೆ ಯಾವುದು ಅರ್ಜಿ, ಯಾವುದು ಆದೇಶ ಎಂದು ಯಾರಿಗೂ ತಿಳಿಯದು.

ಇಂದಿನ ತಾಣಗಳು ಜಾವಾಸ್ಕ್ರಿಪ್ಟ್ ಮೇಲೆ ನಿಂತಿವೆ, ಲಿಂಕ್ಸ್ ಅದನ್ನು ನಡೆಸುವುದಿಲ್ಲ, ಹಾಗಾಗಿ ಫಲಿತಾಂಶ ನಂಬಲರ್ಹವಲ್ಲ ಎಂಬ ಆಕ್ಷೇಪವಿದೆ. ಇದರಲ್ಲಿ ತಿರುಳಿದೆ. ಸ್ಕ್ರೀನ್ ರೀಡರ್ ಸಾಮಾನ್ಯ ಬ್ರೌಸರಿನೊಂದಿಗೇ ಕೆಲಸ ಮಾಡುವುದರಿಂದ, ಲಿಂಕ್ಸ್‌ನಲ್ಲಿ ಖಾಲಿ ಕಂಡ ಪುಟವೂ ಅದಕ್ಕೆ ಸಲೀಸಾಗಿ ದಕ್ಕಬಹುದು. ಲಿಂಕ್ಸ್ ಓಡುವ ಟರ್ಮಿನಲ್ ಕಿಟಕಿಯಲ್ಲಿ ಒತ್ತಕ್ಷರ ಚದುರಿ ಕಂಡರೂ ತಪ್ಪು ತಾಣದ್ದಲ್ಲ. ಪುಟವನ್ನು ಪಠ್ಯ ಕಡತವಾಗಿ ಉಳಿಸಿ ಬೇರೆ ಎಡಿಟರ್‌ನಲ್ಲಿ ತೆರೆದರೆ ನಿಜ ತಿಳಿಯುತ್ತದೆ. ಆದರೆ ಹಳೆಯ ಫಾಂಟು, ಬದಲಿ ಪಠ್ಯವಿಲ್ಲದ ಚಿತ್ರ, ಅರ್ಥವಿಲ್ಲದ ಕೊಂಡಿ ಇಲ್ಲಿ ಸಿಕ್ಕಿಬಿದ್ದರೆ ಅವು ನಿಜವಾದ ದೋಷಗಳೇ. ಕಾಸು ಖರ್ಚಿಲ್ಲದೆ, ತಾಲ್ಲೂಕು ಕಚೇರಿಯ ಹಳೆಯ ಕಂಪ್ಯೂಟರಿನಲ್ಲೂ ಅವನ್ನು ಪತ್ತೆಹಚ್ಚಬಹುದು. ಇಂಥ ತಪಾಸಣೆಯನ್ನು ಕಚೇರಿಗಳ ಔದಾರ್ಯಕ್ಕೆ ಬಿಡುವಂತಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೆ; ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

ಬಣ್ಣಗಳ ಅಂತರ, ಕೀಲಿಮಣೆಯಿಂದಲೇ ಅರ್ಜಿ ತುಂಬುವ ಅನುಕೂಲ, ಪುಟದ ಭಾಷೆಯ ಗುರುತು ಇವು ಲಿಂಕ್ಸ್‌ನ ಅಳವಿಗೆ ಸಿಗವು. ಕೊನೆಯದು ಕನ್ನಡದ ಜೊತೆ ತೆಲುಗೂ ಚಾಲ್ತಿಯಲ್ಲಿರುವ ಮುಳಬಾಗಿಲಿನಂಥ ಕಡೆ ಮುಖ್ಯ. ಕನ್ನಡ ಪುಟಕ್ಕೆ ಇಂಗ್ಲಿಷೆಂದು ಗುರುತಿದ್ದರೆ ಸ್ಕ್ರೀನ್ ರೀಡರ್ ತಪ್ಪು ದನಿಯನ್ನು ಆರಿಸಿಕೊಳ್ಳಬಹುದು. ಅದನ್ನು ಕಿವಿಯಿಂದಲೇ ಪರೀಕ್ಷಿಸಬೇಕು. ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಜೊತೆಗೆ ಬರುವ, ಪಠ್ಯವನ್ನು ದನಿಯಾಗಿಸುವ ಇಸ್ಪೀಕ್‌ನಲ್ಲಿ ಕನ್ನಡ, ತೆಲುಗು ಎರಡೂ ಭಾಷೆಗಳ ದನಿಗಳಿವೆ.