ದುಡ್ಡು ಕೊಟ್ಟವರು, ಪ್ರಶ್ನೆ ಕೇಳಿದವರು

1923ರಲ್ಲಿ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಇನ್ಸುಲಿನ್ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟ ಕಥೆ ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ಡೆನ್ಮಾರ್ಕಿನಲ್ಲಿ ನಡೆದದ್ದು ಅಷ್ಟು ಪ್ರಚಾರ ಪಡೆಯಲಿಲ್ಲ. ನೊಬೆಲ್ ವಿಜ್ಞಾನಿ ಆಗಸ್ಟ್ ಕ್ರೋಗ್ ಅವರ ಪತ್ನಿ ಮರಿಯೆ ಸ್ವತಃ ವೈದ್ಯೆ, ಮಧುಮೇಹಿ ಕೂಡ. 1922ರಲ್ಲಿ ದಂಪತಿ ಅಮೆರಿಕಕ್ಕೆ ಹೋದಾಗ ಕ್ರೋಗ್ ಟೊರಾಂಟೊಗೂ ಹೋಗಿ, ಇನ್ಸುಲಿನ್ ತಯಾರಿಸುವ ಅನುಮತಿ ಪಡೆದು ಬಂದರು. ಅವರು ಕಟ್ಟಿದ ನಾರ್ಡಿಸ್ಕ್ ಪ್ರಯೋಗಾಲಯವೇ ಇಂದಿನ ನೊವೊ ನಾರ್ಡಿಸ್ಕ್‌ನ ಒಂದು ಬೇರು. ಆ ಕಂಪನಿಯ ಒಡೆತನವಿರುವ ಫೌಂಡೇಷನ್ನಿನ ಹಣದಿಂದ 2010ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಚಯಾಪಚಯ ಸಂಶೋಧನೆಗೆಂದೇ ಒಂದು ಕೇಂದ್ರ ಎದ್ದಿತು. ಔಷಧದ ಲಾಭ ಮೂಲ ವಿಜ್ಞಾನಕ್ಕೆ ಮರಳುವ ಇಂಥ ಏರ್ಪಾಡು ಬೇರೆಡೆ ಅಪರೂಪ.

ಇನ್ಸುಲಿನ್ ಸಿಕ್ಕರೂ ಒಂದು ಗಂಟು ಉಳಿದಿತ್ತು. ಎಲ್ಲ ಮಧುಮೇಹಿಗಳೂ ಅದಕ್ಕೆ ಒಂದೇ ರೀತಿ ಸ್ಪಂದಿಸುವುದಿಲ್ಲ ಎಂದು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ 1936ರಲ್ಲೇ ತೋರಿಸಿದ್ದರು. ಆದರೆ ರಕ್ತದಲ್ಲಿನ ಇನ್ಸುಲಿನ್ ಅಳೆಯುವ ಉಪಾಯ ಆಗ ಇರಲಿಲ್ಲ. ಅದು ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ನಿವೃತ್ತ ಸೈನಿಕರ ಸರ್ಕಾರಿ ಆಸ್ಪತ್ರೆಯೊಂದರಲ್ಲಿ. ರೊಸಾಲಿನ್ ಯಾಲೊ ಅಲ್ಲಿ ಕೆಲಸ ಶುರು ಮಾಡಿದ್ದು ಕಸಬರಿಗೆ, ಬಕೆಟ್ ಇಡುವ ಕೋಣೆಯಲ್ಲಿ. ಅವರೂ ಸಾಲೊಮನ್ ಬರ್ಸನ್ ಅವರೂ ವಿಕಿರಣಶೀಲ ಅಯೋಡಿನ್ ಬಳಸಿ ರೂಪಿಸಿದ ವಿಧಾನ, ನಡುವಯಸ್ಸಿನಲ್ಲಿ ಮಧುಮೇಹ ಬಂದ ಅನೇಕರ ರಕ್ತದಲ್ಲಿ ಇನ್ಸುಲಿನ್ ಕಡಿಮೆಯಲ್ಲ, ಹೆಚ್ಚೇ ಇದೆ ಎಂದು 1960ರಲ್ಲಿ ತೋರಿಸಿಕೊಟ್ಟಿತು. ಇನ್ಸುಲಿನ್ ಪ್ರತಿರೋಧ ಎಂಬುದು ಊಹೆಯಿಂದ ಅಂಕಿಗೆ ಬಂದದ್ದು ಹೀಗೆ. ಅವರು ಪೇಟೆಂಟ್ ಮಾಡಿಸಲಿಲ್ಲ. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರ ನೊಬೆಲ್ ಪಡೆಯಲು ಯಾಲೊ ಒಬ್ಬರೇ ಉಳಿದಿದ್ದರು.

ಹಣದ ಇನ್ನೊಂದು ಮುಖ ಕಾಣಿಸಿಕೊಂಡದ್ದೂ 1960ರ ದಶಕದಲ್ಲೇ. ಅಮೆರಿಕದ ಸಕ್ಕರೆ ಉದ್ಯಮದ ಸಂಶೋಧನಾ ಪ್ರತಿಷ್ಠಾನ 1965ರಲ್ಲಿ ಹಾರ್ವರ್ಡ್ ವಿಜ್ಞಾನಿಗಳಿಗೆ 6,500 ಡಾಲರ್ ಕೊಟ್ಟಿತು. 1967ರಲ್ಲಿ ಪ್ರಕಟವಾದ ಅವರ ಸಮೀಕ್ಷೆ ಹೃದ್ರೋಗದ ಹೊಣೆಯನ್ನು ಕೊಬ್ಬಿನ ತಲೆಗೆ ಕಟ್ಟಿ ಸಕ್ಕರೆಯನ್ನು ಹಗುರಾಗಿ ಬಿಟ್ಟಿತು. ಹಣದ ಮೂಲ ಎಲ್ಲೂ ನಮೂದಾಗಲಿಲ್ಲ. ನಮೂದಿಸಲೇಬೇಕೆಂಬ ನಿಯಮವೂ ಅಂದು ಇರಲಿಲ್ಲ. ಹಳೆಯ ಪತ್ರಗಳು ಬೆಳಕಿಗೆ ಬಂದದ್ದು 2016ರಲ್ಲಿ. ಅದರ ಹಿಂದಿನ ವರ್ಷವಷ್ಟೇ, ಬೊಜ್ಜಿಗೆ ತಿನ್ನುವುದಕ್ಕಿಂತ ವ್ಯಾಯಾಮದ ಕೊರತೆಯೇ ಕಾರಣ ಎನ್ನುತ್ತಿದ್ದ ವಿಜ್ಞಾನಿಗಳ ಬಳಗವೊಂದು, ಕೋಕಾ-ಕೋಲಾ ಹಣ ಬಯಲಾದ ಮೇಲೆ ಬಾಗಿಲು ಹಾಕಿತ್ತು.

ಈ ಎರಡಕ್ಕೂ ಮೂರನೆಯದೊಂದನ್ನು ಸೇರಿಸಿ ಬೈಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಪತ್ರಕರ್ತ ಗ್ಯಾರಿ ಟಾಬ್ಸ್ ಮತ್ತು ವೈದ್ಯ ಪೀಟರ್ ಅಟಿಯಾ 2012ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಅನ್ನ, ಹಿಟ್ಟು, ಸಕ್ಕರೆ ಇನ್ಸುಲಿನ್ ಏರಿಸುತ್ತವೆ, ಇನ್ಸುಲಿನ್ ಕೊಬ್ಬು ಕೂಡಿಸುತ್ತದೆ ಎಂಬುದು ಟಾಬ್ಸ್ ನಂಬಿಕೆ. ಅದನ್ನು ಪರೀಕ್ಷಿಸಲು ಶ್ರೀಮಂತ ಅರ್ನಾಲ್ಡ್ ದಂಪತಿಯ ಪ್ರತಿಷ್ಠಾನ ಕೋಟ್ಯಂತರ ಡಾಲರ್ ಹೂಡಿತು. ಆದರೆ ಆ ಹಣದಲ್ಲಿ ಪ್ರಯೋಗ ನಡೆಸಿದವರಲ್ಲಿ, ಈ ವಾದವನ್ನು ಸಂಶಯದಿಂದಲೇ ಕಂಡ ಕೆವಿನ್ ಹಾಲ್ ಕೂಡ ಇದ್ದರು. 17 ಗಂಡಸರನ್ನು ಎರಡು ತಿಂಗಳು ವಾರ್ಡಿನಲ್ಲಿಟ್ಟು, ತಿಂದದ್ದನ್ನೆಲ್ಲ ತೂಗಿ ನೋಡಿದರು. ಶರ್ಕರಪಿಷ್ಟ ತೀರ ಇಳಿಸಿದಾಗ ಇನ್ಸುಲಿನ್ ಇಳಿಯಿತು, ಕೊಬ್ಬು ಕರಗುವ ವೇಗ ಮಾತ್ರ ಏರಲಿಲ್ಲ. 2016ರಲ್ಲಿ ಫಲಿತಾಂಶ ಬಂತು. ಅದರ ಅರ್ಥದ ಬಗ್ಗೆ ಜಗಳವೂ ಬಂತು, ಸಂಸ್ಥೆ ಸೊರಗಿತು. ಆದರೂ ಎದುರಾಳಿಯ ಕೈಗೆ ತಕ್ಕಡಿ ಕೊಟ್ಟವರು ಎಷ್ಟು ಜನ ಸಿಗುತ್ತಾರೆ?

ಇನ್ನು ಈಗಿನ ತೂಕ ಇಳಿಸುವ ಚುಚ್ಚುಮದ್ದುಗಳ ದಾರಿ ಹಿಡಿದು ಹಿಂದೆ ಹೋದರೆ ಮತ್ತೆ ಬ್ರಾಂಕ್ಸ್‌ನ ಅದೇ ಆಸ್ಪತ್ರೆ ಸಿಗುತ್ತದೆ. ಯಾಲೊ ಪ್ರಯೋಗಾಲಯದಲ್ಲಿ ಪಳಗಿದ ಜಾನ್ ಎಂಗ್ 1990ರ ಆಸುಪಾಸಿನಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ, ಮನುಷ್ಯರ ಕರುಳಿನ ಹಾರ್ಮೋನೊಂದನ್ನು ಹೋಲುವ ಎಕ್ಸೆಂಡಿನ್-4 ಕಂಡುಹಿಡಿದರು. ಅದಕ್ಕೆ ಪೇಟೆಂಟ್ ಪಡೆಯಲು ನಿವೃತ್ತ ಸೈನಿಕರ ಇಲಾಖೆ ಒಪ್ಪಲಿಲ್ಲ. ಎಂಗ್ ಸ್ವಂತ ಕೈಯಿಂದ ಖರ್ಚು ಮಾಡಿದರು. ಅದರಿಂದ ಬಂದ ಮಧುಮೇಹದ ಔಷಧ ಎಕ್ಸೆನಟೈಡ್‌ಗೆ 2005ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. 2021ರಲ್ಲಿ ಬೊಜ್ಜಿನ ಔಷಧವಾಗಿ ಬಂದ ಸೆಮಾಗ್ಲುಟೈಡ್ ಹಲ್ಲಿಯದಲ್ಲ, ಮನುಷ್ಯರ ಕರುಳಿನ ಹಾರ್ಮೋನಿನ ಮಾರ್ಪಾಡು. ಆದರೆ ಈ ಜಾತಿಯ ಔಷಧಕ್ಕೆ ಬಾಗಿಲು ತೆಗೆದದ್ದು ಹಲ್ಲಿಯೇ.

ಮೈಸೂರಿಗೂ ಈ ಚರಿತ್ರೆಯಲ್ಲಿ ಒಂದು ಪುಟವಿದೆ. ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ದಾದಿಯರು 1934ರಿಂದಲೂ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಸಂಶೋಧನೆಗೆಂದಲ್ಲ, ಹೆರಿಗೆ ವಾರ್ಡಿನ ದಿನದ ಕೆಲಸವೆಂದು. ಆ ದಾಖಲೆ ಹಿಡಿದು, ಊರಲ್ಲೇ ಉಳಿದಿದ್ದ ಐನೂರಕ್ಕೂ ಹೆಚ್ಚು ಜನರನ್ನು ಹುಡುಕಿ ಪರೀಕ್ಷಿಸಿದ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಕಡಿಮೆ ತೂಕದ ಕೂಸುಗಳಿಗೆ ಮುಂದೆ ಮಧುಮೇಹದ ಭಯವಿದ್ದರೆ, ಇಲ್ಲಿ ಗಿಡ್ಡ, ದುಂಡನೆಯ ಕೂಸುಗಳಿಗೆ, ಭಾರದ ತಾಯಂದಿರಿಗೆ ಹುಟ್ಟಿದವರಿಗೆ ಅದು ಹೆಚ್ಚು. ಆ ತಾಯಂದಿರಿಗೆ ಬಸಿರಿನಲ್ಲೇ ಸಕ್ಕರೆ ಏರಿತ್ತೆ? ಉತ್ತರ ಹುಡುಕಲು, ಆ ಫಲಿತಾಂಶ ಅಚ್ಚಾಗುವ ಮೊದಲೇ, 1997ರಲ್ಲಿ ಬಸುರಿಯರ ಹೊಸ ಅಧ್ಯಯನ ಶುರುವಾಯಿತು. ಮೈಸೂರಿಗೂ ಗ್ರೀಸಿನ ದೇಗುಲಕ್ಕೂ ಏನು ಸಂಬಂಧ ಎಂದು ಅದರ ಹೆಸರು ಕೇಳಿದವರಿಗೆ ಅನಿಸೀತು: ಪಾರ್ಥೆನಾನ್ ಎಂಬುದು ನೆರವು ಕೊಟ್ಟ ಸ್ವಿಸ್ ಟ್ರಸ್ಟಿನ ಹೆಸರು. ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟೂ ಕೈಜೋಡಿಸಿತು. ಬಸಿರಿನಲ್ಲಿ ಮಧುಮೇಹವಿದ್ದವರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಒಂಬತ್ತೂವರೆ ವರ್ಷಕ್ಕೇ ಕೊಬ್ಬು, ಇನ್ಸುಲಿನ್ ಪ್ರತಿರೋಧ ಎರಡೂ ಹೆಚ್ಚಿದ್ದವು. ಆ ಹುಡುಗಿಯರು ಈಗ ತಾವೇ ತಾಯಂದಿರಾಗುವ ವಯಸ್ಸಿನವರು.