ವಸಂತಸೇನಾ (ಮೂಕಚಿತ್ರ, 1931)

ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನು ಆಧರಿಸಿ ಮೋಹನ್ ದಯಾರಾಂ ಭವನಾನಿ ನಿರ್ದೇಶಿಸಿದ ಚಿತ್ರ. ನಾಟಕದ ಹೆಸರಿನಿಂದಲೂ ಇದನ್ನು ಗುರುತಿಸುವುದುಂಟು. ಇದರ ಪ್ರತಿ ಎಲ್ಲಿಯೂ ಉಳಿದಿಲ್ಲವೆಂದೇ ಭಾವಿಸಲಾಗಿದೆ. ಕನ್ನಡದ ಮೊದಲ ಮೂಕಚಿತ್ರವೆಂದು ಕರೆಯುವ ವಾಡಿಕೆ ಇದ್ದರೂ ಆ ಪಟ್ಟವನ್ನು ಎಚ್ಚರದಿಂದ ಬಳಸಬೇಕು. ಏಕೆಂದರೆ ಭವನಾನಿ ಸಿಂಧಿಗಳು; ಮೇಲಾಗಿ ಬೆಂಗಳೂರಿನಲ್ಲಿ ಹರಿಭಾಯ್ ದೇಸಾಯಿಯವರ ಫಿಲ್ಮ್ ಕಂಪನಿಯೂ ಗುಬ್ಬಿ ವೀರಣ್ಣನವರೂ ಅದೇ ಕಾಲಕ್ಕೆ ಮೂಕಚಿತ್ರ ತಯಾರಿಕೆಗೆ ಇಳಿದಿದ್ದರು. ಕನ್ನಡ ನಾಡಿನ ಕಲಾವಿದರು ಎದ್ದು ಕಾಣುವ ಆರಂಭಕಾಲದ ಚಿತ್ರ ಎಂದರೆ ಸಾಕು.

ತಾರಾಗಣ

ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ ಪ್ರಮುಖರು. ಏಣಾಕ್ಷಿ 1928ರ ‘ಶಿರಾಜ್’ನಲ್ಲಿ ನಟಿಸಿದ್ದವರು, ಮುಂದೆ ಭವನಾನಿಯವರನ್ನು ಮದುವೆಯಾದರು. ಮಂಗಳೂರಿನ ಕಮಲಾದೇವಿ 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡಿದ್ದ ರಾಜಕೀಯ ನಾಯಕಿ. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಲ್ಲಬಾರದೆಂಬ ನಂಬಿಕೆ ಬಲವಾಗಿದ್ದ ದಿನಗಳಲ್ಲಿ, ಅಂಥವರು ಗಣಿಕೆಯ ಕಥೆಯೊಂದರಲ್ಲಿ ನಟಿಸಿದ್ದು ಸಣ್ಣ ಸಂಗತಿಯಲ್ಲ. ಆಡುಮಾತಿನ ಚಮತ್ಕಾರಕ್ಕೇ ಹೆಸರಾದ ನಾಟಕಕಾರ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ ಕಾಣಿಸಿಕೊಂಡದ್ದು ಇನ್ನೊಂದು ವಿಚಿತ್ರ.

ಕಥೆ ಮತ್ತು ಅಪರಾಧದ ಎಳೆ

ಹತ್ತು ಅಂಕಗಳ ‘ಮೃಚ್ಛಕಟಿಕ’ ನಾಟಕವನ್ನು ಗಣಿಕೆ ವಸಂತಸೇನೆ ಮತ್ತು ಬಡ ಬ್ರಾಹ್ಮಣ ಚಾರುದತ್ತರ ಪ್ರೇಮಕಥೆಯೆಂದು ಪರಿಚಯಿಸುವುದೇ ಹೆಚ್ಚು. ಆದರೆ ಅದರ ಬೆನ್ನೆಲುಬು ಅಪರಾಧ. ಮೂರನೆಯ ಅಂಕದಲ್ಲಿ ಶರ್ವಿಲಕ ಕನ್ನ ಕೊರೆಯುವುದನ್ನೇ ಶಾಸ್ತ್ರವಾಗಿಸುತ್ತಾನೆ; ಅಳತೆಗೆ ದಾರ ಮರೆತು ಬಂದಿದ್ದರಿಂದ ಜನಿವಾರವನ್ನೇ ಬಳಸುತ್ತಾನೆ. ಎಂಟನೆಯದರಲ್ಲಿ ರಾಜನ ಭಾವಮೈದುನ ಶಕಾರ ಪುಷ್ಪಕರಂಡಕ ಉದ್ಯಾನದಲ್ಲಿ ವಸಂತಸೇನೆಯ ಕತ್ತು ಹಿಸುಕಿ, ಸತ್ತಳೆಂದು ತಿಳಿದು ತರಗೆಲೆ ಮುಚ್ಚಿ ಹೋಗುತ್ತಾನೆ. ಒಂಬತ್ತನೆಯದು ‘ವ್ಯವಹಾರ’, ಅಂದರೆ ವಿಚಾರಣೆ.

ಕೊಲೆಗಾರ ಯಾರೆಂಬ ಪ್ರಶ್ನೆ ಪ್ರೇಕ್ಷಕನಿಗಿಲ್ಲ, ನ್ಯಾಯಸ್ಥಾನಕ್ಕಿದೆ. ಅಧಿಕರಣಿಕ (ನ್ಯಾಯಾಧೀಶ), ಶ್ರೇಷ್ಠಿ (ವರ್ತಕರ ಪ್ರಮುಖ), ಕಾಯಸ್ಥ (ಬರಹಗಾರ) ಕುಳಿತ ಸಭೆಗೆ ದೂರು ತಂದ ಶಕಾರ ‘ನಾನಲ್ಲ’ ಎಂದು ಬಾಯಿ ಜಾರುತ್ತಾನೆ. ಕಾಯಸ್ಥ ಬರೆದುಕೊಂಡದ್ದನ್ನು ಕಾಲಿನಿಂದ ಒರೆಸುತ್ತಾನೆ. ಮಗಳು ಚಾರುದತ್ತನ ಮನೆಗೆ ಹೋಗಿದ್ದಳೆಂದು ವಸಂತಸೇನೆಯ ತಾಯಿ ಹೇಳುತ್ತಾಳೆ. ಬೇರೊಂದು ದೂರಿಗಾಗಿ ಬಂದ ಕಾವಲಿನ ವೀರಕ, ಅವಳು ಚಾರುದತ್ತನ ಬಂಡಿಯಲ್ಲಿ ಉದ್ಯಾನಕ್ಕೆ ಹೊರಟಿದ್ದಳೆಂದು ತಾನು ಕೇಳಿದ್ದನ್ನು ಒಪ್ಪಿಸುತ್ತಾನೆ. ಆ ಬಂಡಿಯಲ್ಲಿದ್ದವನು ಸೆರೆ ತಪ್ಪಿಸಿಕೊಂಡ ಆರ್ಯಕನೆಂಬುದು ಅವನಿಗೆ ಗೊತ್ತಿಲ್ಲ. ಉದ್ಯಾನ ನೋಡಿಬರಲು ಅವನನ್ನೇ ಕಳಿಸಿದರೆ, ಕಾಡುಪ್ರಾಣಿಗಳು ಎಳೆದಾಡಿದ ಹೆಣ್ಣಿನ ಹೆಣವಿದೆ ಎನ್ನುತ್ತಾನೆ. ಅಷ್ಟರಲ್ಲಿ ವಸಂತಸೇನೆಯ ಒಡವೆ ಮರಳಿಸಲು ಹೊರಟಿದ್ದ ಚಾರುದತ್ತನ ಗೆಳೆಯ ಮೈತ್ರೇಯ ಸಭೆಗೆ ನುಗ್ಗಿ ಶಕಾರನೊಡನೆ ಹೊಡೆದಾಡುವಾಗ ಒಡವೆಗಳು ಕಂಕುಳಿನಿಂದ ನೆಲಕ್ಕೆ ಬೀಳುತ್ತವೆ. ಚಿನ್ನದ ಬಂಡಿಗಾಗಿ ಅಳುತ್ತಿದ್ದ ಚಾರುದತ್ತನ ಮಗನ ಮಣ್ಣಿನ ಬಂಡಿಗೆ ಅವಳೇ ತುಂಬಿಕೊಟ್ಟ ಒಡವೆಗಳವು. ನಾಟಕಕ್ಕೆ ಹೆಸರು ಕೊಟ್ಟ ಆಟಿಕೆಯೇ ತಪ್ಪು ತೀರ್ಪಿಗೆ ದಾರಿಯಾಗುತ್ತದೆ. ದೂರುದಾರ ಶಕಾರನನ್ನು ಬಿಟ್ಟರೆ, ಚಾರುದತ್ತನ ವಿರುದ್ಧ ಬೇಕೆಂದು ಸುಳ್ಳು ಹೇಳಿದ ಸಾಕ್ಷಿ ಒಬ್ಬನೂ ಇಲ್ಲ. ಒಡವೆ ತನ್ನ ಮಗಳದ್ದಲ್ಲ ಎಂದು ಚಾರುದತ್ತನನ್ನು ಉಳಿಸಲು ಯತ್ನಿಸುವ ತಾಯಿಯದಷ್ಟೇ ಸುಳ್ಳು. ಅದನ್ನು ಚಾರುದತ್ತನ ಸತ್ಯವೇ ಹಾಳುಮಾಡುತ್ತದೆ. ಬ್ರಾಹ್ಮಣನನ್ನು ಗಡೀಪಾರು ಮಾಡಬಹುದು, ಕೊಲ್ಲುವಂತಿಲ್ಲ ಎಂಬ ಅಧಿಕರಣಿಕನ ಸಲಹೆ ಮೀರಿ ರಾಜ ಪಾಲಕ ಶೂಲದ ಆಜ್ಞೆ ಕೊಡುತ್ತಾನೆ. ಭಿಕ್ಷುವಾದ ಸಂವಾಹಕ ಬದುಕಿಸಿದ ವಸಂತಸೇನೆ ವಧಾಸ್ಥಾನಕ್ಕೆ ಓಡಿಬಂದಾಗಲೇ ಗಂಟು ಬಿಡುವುದು.

ಇಲ್ಲಿ ತೀರ್ಮಾನಕ್ಕೆ ದಾರಿ ಮಾಡುವವು ಬಹುಪಾಲು ಕಣ್ಣಿಗೆ ಬೀಳುವ ವಸ್ತುಗಳು: ಬಂಡಿ, ಒಡವೆ, ತರಗೆಲೆ. ಮೂಕಚಿತ್ರಕ್ಕೆ ಇದಕ್ಕಿಂತ ಒಪ್ಪುವ ನ್ಯಾಯಾಲಯ ಸಿಗುವುದು ಕಷ್ಟ. ಎಲ್ಲ ಸಕಾರವನ್ನೂ ಶಕಾರ ಮಾಡಿ, ರಾಮಾಯಣ ಭಾರತಗಳನ್ನು ಕಲಸಿ ಆಡುವ ಖಳನ ನಾಲಿಗೆಯನ್ನು ಮಾತ್ರ ತೆರೆಯ ಮೇಲಿನ ಬರಹದ ಪಟ್ಟಿಗಳು ತುಂಬಿಕೊಡಲಾರವು.

ನಿರ್ದೇಶಕ

ಭವನಾನಿ (ಜನನ 1903) ಮ್ಯಾಂಚೆಸ್ಟರ್‌ನಲ್ಲಿ ಓದಿ, ಜರ್ಮನಿಯಲ್ಲಿ ಚಲನಚಿತ್ರದ ತಾಂತ್ರಿಕ ತರಬೇತಿ ಪಡೆದು ಬಂದವರು. ಮುಂಬಯಿಯ ಇಂಪೀರಿಯಲ್ ಕಂಪನಿಗಾಗಿ ಸುಲೋಚನಾ ನಾಯಕಿಯಾಗಿದ್ದ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ (1927) ಮೊದಲಾದವನ್ನು ನಿರ್ದೇಶಿಸಿದರು. ಪ್ರೇಮಚಂದ್ ಬರೆದ ‘ಮಜ್ದೂರ್’ (1934) ಅವರದೇ.

ಕಣ್ಮರೆ

1931ರ ಮಾರ್ಚ್ 14ರಂದು ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ಮಾತಾಡಿತು. ಕೆಲವೇ ವರ್ಷಗಳಲ್ಲಿ ಮೂಕಚಿತ್ರದ ಪ್ರತಿಗಳಿಗೆ ಬೆಲೆಯಿಲ್ಲದಾಯಿತು. ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮ್ ತಾನಾಗಿಯೇ ಕೊಳೆಯುತ್ತಿತ್ತು. ಬೆಳ್ಳಿಯ ಆಸೆಗೆ ಕರಗಿಸಿದವೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ. ದೇಶದಲ್ಲಿ ತಯಾರಾದ ಸುಮಾರು 1,300 ಮೂಕಚಿತ್ರಗಳಲ್ಲಿ ಅಷ್ಟು ಹೊತ್ತಿಗೆ ಉಳಿದಿದ್ದವು ಬೆರಳೆಣಿಕೆಯಷ್ಟು.

ನಂತರದ ರೂಪಗಳು

1941ರಲ್ಲಿ ರಾಮಯ್ಯರ್ ಶಿರೂರ್ ನಿರ್ದೇಶನದಲ್ಲಿ ಕನ್ನಡ ವಾಕ್ಚಿತ್ರ ‘ವಸಂತಸೇನಾ’ ಬಂತು, ಎಂ.ವಿ. ಸುಬ್ಬಯ್ಯನಾಯ್ಡು ಮತ್ತು ಲಕ್ಷ್ಮೀಬಾಯಿ ಜೊತೆಗೆ ಆರ್. ನಾಗೇಂದ್ರರಾಯರು ಶಕಾರನಾಗಿದ್ದರು. ಗಿರೀಶ್ ಕಾರ್ನಾಡರ ಹಿಂದಿ ‘ಉತ್ಸವ್’ (1984) ಇದೇ ನಾಟಕದ ಮರುರೂಪ. ಅದರಲ್ಲಿ ಕಳ್ಳನ ಪಾತ್ರ ಶಂಕರ್‌ನಾಗ್ ಅವರದು.