ಕಪ್ಪು-ಬಿಳುಪಿನ ಸಿಪಾಯಿಗೆ ಬಣ್ಣ

ಸೈನಿಕರ ಛಾಯಾಚಿತ್ರಕ್ಕೆ ಬಣ್ಣ ಹಚ್ಚುವ ಕಸುಬು ಹೆಚ್ಚುಕಡಿಮೆ ಛಾಯಾಗ್ರಹಣದಷ್ಟೇ ಹಳೆಯದು. ಲೂಯಿ ಡಾಗೆರ್ ತನ್ನ ವಿಧಾನವನ್ನು 1839ರಲ್ಲಿ ಬಹಿರಂಗಪಡಿಸಿದ ಕೆಲವೇ ವರ್ಷಗಳಲ್ಲಿ, ಸ್ವಿಟ್ಜರ್ಲೆಂಡಿನ ಯೋಹಾನ್ ಬ್ಯಾಪ್ಟಿಸ್ಟ್ ಇಸೆನ್‌ರಿಂಗ್ ಗೋಂದು ಬೆರೆಸಿದ ಬಣ್ಣದ ಪುಡಿಯನ್ನು ಚಿತ್ರದ ಮೇಲೆ ಹಚ್ಚಿ, ಬಿಸಿ ಮಾಡಿ ನಿಲ್ಲಿಸುವ ಬಗೆಯನ್ನು ಕಂಡುಕೊಂಡ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ (1861–65) ಸ್ಟುಡಿಯೊಗಳಲ್ಲಿ ಇದು ದಿನನಿತ್ಯದ ಕೆಲಸವಾಗಿತ್ತು. ದಂಡಿಗೆ ಹೊರಟ ಹುಡುಗನ ಕೆನ್ನೆಗೆ ತುಸು ಕೆಂಪು, ಕೋಟಿನ ಗುಂಡಿಗಳಿಗೆ ಹೊಂಬಣ್ಣ ತಾಗಿಸಿದರೆ ಮನೆಯವರಿಗೆ ಸಮಾಧಾನವಾಗುತ್ತಿತ್ತು. ಕೋಟಿನ ನೀಲಿ ಯಾವ ನೀಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಅದನ್ನು ತೊಟ್ಟವರು ಎದುರಿಗೇ ಓಡಾಡುತ್ತಿದ್ದರು. ಆ ಬಟ್ಟೆ ಕಂಡವರೆಲ್ಲ ತೀರಿಹೋಗಿ, ಕಪ್ಪು-ಬಿಳುಪು ಚಿತ್ರ ಮಾತ್ರ ಉಳಿದ ಮೇಲೆ ಆ ಪ್ರಶ್ನೆ ದೊಡ್ಡದಾಯಿತು.

ಚಿತ್ರದಲ್ಲಿರುವ ಬೂದು ಛಾಯೆಯನ್ನು ನೋಡಿ ಬಣ್ಣ ಊಹಿಸಬಹುದು ಎಂಬುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದುಬಾರಿಯಾದ ತಪ್ಪು ನಂಬಿಕೆ. 19ನೇ ಶತಮಾನದ ಗಾಜಿನ ಫಲಕಗಳು ನೀಲಿ ಮತ್ತು ನೇರಳೆ ಬೆಳಕಿಗೆ ಮಾತ್ರ ಚುರುಕಾಗಿದ್ದವು. ಕೆಂಪು ಅವಕ್ಕೆ ಕತ್ತಲೆಗೆ ಸಮ. 1855ರಲ್ಲಿ ರೋಜರ್ ಫೆಂಟನ್ ಕ್ರಿಮಿಯಾ ಯುದ್ಧಭೂಮಿಯಲ್ಲಿ ತೆಗೆದ ಚಿತ್ರಗಳಲ್ಲಿ ಬ್ರಿಟಿಷರ ಕೆಂಪು ಕೋಟು ಕಪ್ಪಿಗೆ ಹತ್ತಿರವಾಗಿ ಕಾಣುವುದು ಇದೇ ಕಾರಣಕ್ಕೆ. ಅಮೆರಿಕದ ಉತ್ತರ ರಾಜ್ಯಗಳ ಸೈನಿಕರ ತಿಳಿನೀಲಿ ಷರಾಯಿಯಾದರೋ ಬಿಳಿಚಿಕೊಂಡು, ಅವರೇನೋ ಬೇಸಿಗೆಯ ಬಿಳಿ ಬಟ್ಟೆ ತೊಟ್ಟಂತೆ ಭಾಸವಾಗುತ್ತದೆ. 1873ರಲ್ಲಿ ಹರ್ಮನ್ ವಿಲ್ಹೆಲ್ಮ್ ಫೋಗೆಲ್, ಫಲಕಕ್ಕೆ ಕೆಲವು ವರ್ಣದ್ರವ್ಯಗಳನ್ನು ಸೇರಿಸಿದರೆ ಅದು ಹಸಿರನ್ನೂ ಗ್ರಹಿಸುತ್ತದೆ ಎಂದು ತೋರಿಸಿದ. ಹಾಗೆ ಹುಟ್ಟಿದ ಆರ್ಥೊಕ್ರೊಮ್ಯಾಟಿಕ್ ಫಲಕ ಮೊದಲ ಮಹಾಯುದ್ಧದ ಕೊನೆಯವರೆಗೂ ವ್ಯಾಪಕವಾಗಿ ಬಳಕೆಯಲ್ಲಿತ್ತು. ಅದಕ್ಕೂ ಕೆಂಪು ಕಾಣದು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಲಕಗಳು 1906ರಿಂದ ಮಾರುಕಟ್ಟೆಯಲ್ಲಿದ್ದರೂ ಸಾಮಾನ್ಯ ಛಾಯಾಗ್ರಾಹಕನ ಕೈಗೆ ಬರಲು ಬಹಳ ಕಾಲ ಹಿಡಿಯಿತು.

ಇದರ ಪರಿಣಾಮವನ್ನು ಎದೆಯ ಮೇಲಿನ ಬೆರಳಗಲದ ರಿಬ್ಬನ್ ಒಂದರಲ್ಲೇ ಕಾಣಬಹುದು. 1919ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ವಾರ್ ಮೆಡಲ್‌ನ ರಿಬ್ಬನ್ನಿನ ನಡುವೆ ಕಿತ್ತಳೆ ಪಟ್ಟಿ, ಅದರ ಎರಡೂ ಬದಿಗೆ ಬಿಳಿ, ಆಮೇಲೆ ಕಪ್ಪು, ಅಂಚಿನಲ್ಲಿ ನೀಲಿ. ಆರ್ಥೊಕ್ರೊಮ್ಯಾಟಿಕ್ ಫಲಕದಲ್ಲಿ ನಡುವಿನ ಕಿತ್ತಳೆ ಕಪ್ಪಿನತ್ತ ಸರಿಯುತ್ತದೆ, ಅಂಚಿನ ನೀಲಿ ಬಿಳಿಯತ್ತ. ಛಾಯೆಯನ್ನೇ ನಂಬಿದವರು ನಡುವಿಗೆ ಗಾಢ ನೀಲಿ, ಅಂಚಿಗೆ ಹಳದಿ ತುಂಬಿ, ಇಲ್ಲದ ಪದಕವೊಂದನ್ನು ಸೃಷ್ಟಿಸಿಬಿಡುತ್ತಾರೆ. ಮುಖಗಳಿಗೂ ಇದೇ ಗತಿ. ಬಿಸಿಲಿಗೆ ಕೆಂಪೇರಿದ ಚರ್ಮ ಕಪ್ಪಾಗುತ್ತದೆ, ನೀಲಿ ಕಣ್ಣು ಬೆಳ್ಳಗಾಗುತ್ತದೆ, ಭಾರತೀಯ ಸಿಪಾಯಿಗಳು ಇದ್ದುದಕ್ಕಿಂತ ಕಪ್ಪಗೆ ಬಿದ್ದಿರುತ್ತಾರೆ. ಕಪ್ಪಾದ ಕೆಂಪಿನ ಮೇಲೆ ಎಷ್ಟು ಕೆಂಪು ಸುರಿದರೂ ಕಪ್ಪೇ ಉಳಿಯುವುದರಿಂದ, ಕಲಾವಿದರು ಮೊದಲು ಆ ಭಾಗದ ಛಾಯೆಯನ್ನೇ ತಿಳಿಗೊಳಿಸಬೇಕಾಗುತ್ತದೆ. ಬರೀ ಬಣ್ಣ ಸೇರಿಸಿದ್ದೇವೆ, ಮೂಲ ಚಿತ್ರವನ್ನು ಮುಟ್ಟಿಲ್ಲ ಎಂಬ ಮಾತು ಆ ಕಾಲದ ಚಿತ್ರಗಳ ಮಟ್ಟಿಗೆ ಪೂರ್ತಿ ನಿಜವಾಗುವುದು ಕಡಿಮೆ. ಇನ್ನೊಂದು ಎಡವಟ್ಟೂ ಉಂಟು: ಲೋಹದ ತಗಡಿನ ಮೇಲೆ ನೇರವಾಗಿ ಮೂಡುವ ಡಾಗೆರೋಟೈಪ್, ಟಿನ್‌ಟೈಪ್ ಚಿತ್ರಗಳು ಕನ್ನಡಿಯ ಬಿಂಬದಂತೆ ಎಡಬಲ ತಿರುಗಿರುತ್ತವೆ. ಬೆಲ್ಟಿನ ಬಿಲ್ಲೆಯ ಅಕ್ಷರ ತಿರುವುಮುರುವಾಗಿದ್ದರೆ ಕತ್ತಿ ತೂಗುವ ಬದಿ, ಗುಂಡಿ ಹಾಕುವ ಬದಿ ಎಲ್ಲವೂ ತಿರುವುಮುರುವು.

ಆದ್ದರಿಂದ ಬಣ್ಣವನ್ನು ಚಿತ್ರದ ಹೊರಗಿನಿಂದಲೇ ತರಬೇಕು. ಸೇನೆಯ ಉಡುಪಿನ ನಿಯಮಾವಳಿಗಳು, ವಸ್ತುಸಂಗ್ರಹಾಲಯಗಳಲ್ಲಿ ಉಳಿದ ಬಟ್ಟೆ, ಆ ಕಾಲದ ವರ್ಣಚಿತ್ರಗಳು, ಜರ್ಮನಿಯ ರಿಚರ್ಡ್ ಕ್ನ್ಯೋಟೆಲ್ 1890ರಿಂದ ಹೊರತಂದ ಸಮವಸ್ತ್ರ ಚಿತ್ರಮಾಲೆಯಂಥ ಕೃತಿಗಳು ಇಲ್ಲಿ ಆಧಾರ. ಆದರೆ ನಿಯಮಾವಳಿ ಹೇಳುವುದು ಇರಬೇಕಾದ ಬಣ್ಣವನ್ನು. ಇದ್ದ ಬಣ್ಣವನ್ನು ತೀರ್ಮಾನಿಸುತ್ತಿದ್ದುದು ಬಣ್ಣದ ತೊಟ್ಟಿ, ಬಿಸಿಲು ಮತ್ತು ಒಗೆತ.

ಫ್ರಾನ್ಸಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1829ರಿಂದ ಫ್ರೆಂಚ್ ಕಾಲಾಳುಗಳ ಷರಾಯಿ ಕೆಂಪು. ಮಂಜಿಷ್ಠದ ಜಾತಿಯ ಬೇರಿನಿಂದ ತೆಗೆದ ಬಣ್ಣ ಅದು. 1868ರ ಸುಮಾರಿಗೆ ಜರ್ಮನ್ ರಸಾಯನಶಾಸ್ತ್ರಜ್ಞರಾದ ಗ್ರೇಬೆ ಮತ್ತು ಲೀಬರ್‌ಮನ್ ಆ ಬೇರಿನ ಸಾರವಾದ ಅಲಿಜರಿನ್ ಅನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಮೇಲೆ ಬೇರಿನ ಬೇಸಾಯ ನೆಲಕಚ್ಚಿತು. ಫ್ರೆಂಚ್ ಸೈನಿಕನ ಕಾಲಿನ ಕೆಂಪು ಶತ್ರುದೇಶದ ಕಾರ್ಖಾನೆಯ ಸರಕಾಯಿತು. ಯುದ್ಧಮಂತ್ರಿ ಮೆಸ್ಸಿಮಿ 1911ರಲ್ಲಿ ಮಾಸಲು ಹಸಿರು ಉಡುಪನ್ನು ಪ್ರಯೋಗಕ್ಕೆ ತಂದಾಗ ಪತ್ರಿಕೆಗಳೂ ರಾಜಕಾರಣಿಗಳೂ ಅದನ್ನು ದೇಶದ ಮಾನದ ಪ್ರಶ್ನೆ ಮಾಡಿ ಹೊಡೆದುಹಾಕಿದರು. ಕೊನೆಗೆ 1914ರ ಜುಲೈನಲ್ಲಿ ನೀಲಿ, ಬಿಳಿ, ಕೆಂಪು ಎಳೆಗಳನ್ನು ಬೆರೆಸಿ ನೇಯ್ದ ಬಟ್ಟೆಗೆ ಒಪ್ಪಿಗೆ ಸಿಕ್ಕಿತು. ಮರುತಿಂಗಳೇ ಯುದ್ಧ. ಅಲಿಜರಿನ್ ಜರ್ಮನಿಯಿಂದ ಬರುವಂತಿರಲಿಲ್ಲ. ಕೆಂಪು ಎಳೆಯನ್ನು ಕೈಬಿಟ್ಟು ನೀಲಿ, ಬಿಳಿಗಳನ್ನಷ್ಟೇ ಉಳಿಸಿಕೊಂಡಾಗ ಸಿಕ್ಕಿದ್ದೇ ‘ಕ್ಷಿತಿಜ ನೀಲಿ’ ಎಂದು ಹೆಸರಾದ ಬಣ್ಣ. 1914ರ ಆಗಸ್ಟಿನ ಕದನಗಳಿಗೆ ಫ್ರೆಂಚರು ಇಳಿದದ್ದು ಕೆಂಪು ಷರಾಯಿಯಲ್ಲೇ. ಆಗಸ್ಟ್ 22ರ ಒಂದೇ ದಿನ ಸುಮಾರು 27,000 ಮಂದಿ ಸತ್ತರು. ಈ ಸಾವುಗಳನ್ನೆಲ್ಲ ಷರಾಯಿಯ ತಲೆಗೆ ಕಟ್ಟುವುದು ಜನಪ್ರಿಯ ಇತಿಹಾಸದ ಅತಿಶಯೋಕ್ತಿ. ಫಿರಂಗಿ, ಮೆಷಿನ್‌ಗನ್‌ಗಳಿಗೆ ಷರಾಯಿಯ ಬಣ್ಣ ನೋಡುವ ಅಗತ್ಯವಿರಲಿಲ್ಲ. ಬಣ್ಣ ಹಚ್ಚುವವರಿಗೆ ಮುಖ್ಯವಾದದ್ದು ಬೇರೆ. 1914ರ ಕೊನೆ ಮತ್ತು 1915ರ ಮೊದಲ ತಿಂಗಳುಗಳ ಒಂದೇ ಗುಂಪುಚಿತ್ರದಲ್ಲಿ ಕೆಂಪು ಷರಾಯಿ, ಅದರ ಮೇಲೆ ತೊಟ್ಟ ನೀಲಿ ಹೊರಷರಾಯಿ, ಸಿಕ್ಕಸಿಕ್ಕ ಕಾರ್ಡುರಾಯ್, ಹೊಸ ನೀಲಿ ಎಲ್ಲ ಒಟ್ಟಿಗಿರಬಹುದು. ಹೊಸ ನೀಲಿಯಾದರೂ ಗಿರಣಿಗೊಂದು ಛಾಯೆಯಲ್ಲಿ ಬರುತ್ತಿತ್ತು.

ಜರ್ಮನರು 1910ರಲ್ಲಿ ಅಂಗೀಕರಿಸಿದ ‘ಫೆಲ್ಡ್‌ಗ್ರಾವ್’ ಹೆಸರಿಗೆ ಬೂದು, ಕಣ್ಣಿಗೆ ಹಸಿರು ಮಿಶ್ರಿತ ಬೂದು. ಯುದ್ಧ ಶುರುವಾದ ಮೇಲೆ ಷರಾಯಿಗೆ ಕಲ್ಲುಬೂದು ಬಣ್ಣ ಬಂತು. ಮೊನೆಯುಳ್ಳ ಚರ್ಮದ ಶಿರಸ್ತ್ರಾಣದ ಮೇಲಿನ ಬಟ್ಟೆಯ ಮುಸುಕಿನಲ್ಲಿ ರೆಜಿಮೆಂಟಿನ ಸಂಖ್ಯೆ ಮೊದಲು ಕೆಂಪಿನಲ್ಲಿತ್ತು, ಯುದ್ಧದ ಆರಂಭದಲ್ಲೇ ಹಸಿರಾಯಿತು. ಚಿತ್ರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಕಪ್ಪು. ಚಿತ್ರ ತೆಗೆದ ತಿಂಗಳು ಗೊತ್ತಾಗದೆ ಆ ಸಂಖ್ಯೆಗೆ ಬಣ್ಣ ಹಚ್ಚುವಂತಿಲ್ಲ.

ಖಾಕಿಯ ಕಥೆ ಭಾರತದ್ದು. 1840ರ ದಶಕದ ಕೊನೆಯಲ್ಲಿ ಪೇಶಾವರದ ಕಡೆ ಹ್ಯಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆ ಧೂಳಿನ ಬಣ್ಣದ ಬಟ್ಟೆ ತೊಟ್ಟಿತು. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಹಾಲರ್ ಎಂಬ ನೇಕಾರ ಖಾಕಿ ಬಣ್ಣವನ್ನು ಕಂಡುಹಿಡಿದನೆಂಬ ಮಾತು ಕರಾವಳಿಯಲ್ಲಿ ಬಲವಾಗಿದೆ. ಎರಡನ್ನೂ ಒಂದರ ಎದುರು ಒಂದು ನಿಲ್ಲಿಸಬೇಕಾಗಿಲ್ಲ. ಧೂಳಿನ ಬಣ್ಣದ ದಿರಿಸಿನ ಯೋಚನೆ ಗೈಡ್ಸ್ ಪಡೆಯದು. ಗಿರಣಿಯಲ್ಲಿ ಬಟ್ಟೆಗೆ ಬಣ್ಣ ಕೂರಿಸುವ ಕುಶಲತೆ ಮಂಗಳೂರಿನ ಹೆಮ್ಮೆ. 1857ರ ದಂಗೆಯಲ್ಲಿ ಬ್ರಿಟಿಷ್ ತುಕಡಿಗಳು ತಮ್ಮ ಬಿಳಿ ಬಟ್ಟೆಯನ್ನು ಕೈಗೆ ಸಿಕ್ಕಿದ ವಸ್ತುಗಳಲ್ಲಿ ಅದ್ದಿಕೊಂಡವು. ಒಂದೇ ಕಂಪನಿಯಲ್ಲಿ ಒಬ್ಬ ಕಂದು, ಇನ್ನೊಬ್ಬ ಬೂದು, ಮತ್ತೊಬ್ಬ ನೇರಳೆಯ ಹತ್ತಿರ. ನಾಲ್ಕು ಒಗೆತಕ್ಕೆ ಎಲ್ಲವೂ ಬಿಟ್ಟುಹೋಗುವ ಬಣ್ಣ. ಇಂಗ್ಲೆಂಡಿನ ಅಕ್ರಿಂಗ್ಟನ್ನಿನ ಗ್ಯಾಟಿ 1884ರಲ್ಲಿ ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳಿಂದ ಮಾಡುವ ಪಕ್ಕಾ ಖಾಕಿಗೆ ಪೇಟೆಂಟ್ ಪಡೆದ ಮೇಲೆ ಬಣ್ಣ ನಿಂತಿತು. 1902ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಸೇವಾ ಉಡುಪಿನ ಖಾಕಿ ಮತ್ತೆ ಬೇರೆಯದು. ಅದು ಹಸಿರು-ಕಂದಿನ ಉಣ್ಣೆ. ಭಾರತ, ಈಜಿಪ್ಟುಗಳಲ್ಲಿ ತೊಡುತ್ತಿದ್ದ ಹತ್ತಿಯ ಡ್ರಿಲ್ ಬಟ್ಟೆ ಮರಳಿನ ಬಣ್ಣದ್ದು, ಬಿಸಿಲಿಗೆ ಬಿಳಿಯಾಗುತ್ತಿತ್ತು. ಫ್ಲಾಂಡರ್ಸ್‌ನ ಖಾಕಿಯನ್ನು ಸಿನಾಯ್ ಮರುಭೂಮಿಯ ಸಿಪಾಯಿಗೆ ತೊಡಿಸುವುದು ಇಂದಿಗೂ ಸಾಮಾನ್ಯ ತಪ್ಪು.

ಅದೃಷ್ಟಕ್ಕೆ ಮೊದಲ ಮಹಾಯುದ್ಧದ ನಿಜಬಣ್ಣದ ಚಿತ್ರಗಳೂ ಸ್ವಲ್ಪ ಉಳಿದಿವೆ. ಲುಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಆಟೊಕ್ರೋಮ್ ಫಲಕದಲ್ಲಿ ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳೇ ಶೋಧಕ. ಫ್ರೆಂಚ್ ಸೇನೆಯ ಛಾಯಾಗ್ರಾಹಕರು ಅದರಲ್ಲಿ ಕ್ಷಿತಿಜ ನೀಲಿಯನ್ನು ದಾಖಲಿಸಿದರು. ಬಿಸಿಲಿನಲ್ಲೂ ಸೆಕೆಂಡುಗಟ್ಟಲೆ ಅಲುಗಾಡದೆ ನಿಲ್ಲಬೇಕಿದ್ದುದರಿಂದ ಅವುಗಳಲ್ಲಿ ಕದನವಿಲ್ಲ. ವಿಶ್ರಾಂತಿಯಲ್ಲಿರುವ ಸೈನಿಕರು, ಹಾಳುಬಿದ್ದ ಊರುಗಳು ಇವೆ. ಆಸ್ಟ್ರೇಲಿಯದ ಫ್ರ್ಯಾಂಕ್ ಹರ್ಲಿ ‘ಪ್ಯಾಜೆಟ್’ ಎಂಬ ಇನ್ನೊಂದು ವಿಧಾನದಲ್ಲಿ ಫ್ಲಾಂಡರ್ಸ್ ಮತ್ತು ಪ್ಯಾಲೆಸ್ಟೈನ್ ಎರಡನ್ನೂ ಬಣ್ಣದಲ್ಲಿ ಹಿಡಿದ. ಈ ಫಲಕಗಳ ಬಣ್ಣವೂ ಅಳೆದು ತೂಗಿದ್ದಲ್ಲ. ಆದರೂ ಊಹೆಗಿಂತ ಸಾವಿರ ಪಾಲು ಮೇಲು.

ಕಂಪ್ಯೂಟರ್ ಈ ಕಸುಬಿಗೆ ಕೊಟ್ಟದ್ದು ತಿದ್ದುವ ಅವಕಾಶ. 1990ರಲ್ಲಿ ಬಂದ ಫೋಟೊಶಾಪ್‌ಗೆ 1994ರಲ್ಲಿ ಲೇಯರ್‌ಗಳು ಸೇರಿದವು. ಅಲ್ಲಿಂದ ಪ್ರತಿ ಬಣ್ಣವನ್ನೂ ಮೂಲಚಿತ್ರದ ಮೇಲೆ ಬೇರೆಬೇರೆ ಪದರವಾಗಿ ಇಟ್ಟು, ಹೊಸ ಆಧಾರ ಸಿಕ್ಕಾಗ ಅದೊಂದನ್ನೇ ಬದಲಿಸಬಹುದಾಯಿತು. ಮೊದಲ ಕೆಲಸ ಹೆಚ್ಚು ಸಾಂದ್ರತೆಯ ಸ್ಕ್ಯಾನ್, ಆಮೇಲೆ ಗೀರು-ಕಲೆಗಳ ದುರಸ್ತಿ. ಬಳಿಕ ಉಣ್ಣೆ, ಹತ್ತಿ, ಚರ್ಮ, ಹಿತ್ತಾಳೆ, ಮರ, ಮೈಬಣ್ಣ ಒಂದೊಂದಕ್ಕೂ ಮಾಸ್ಕ್, ಅಂದರೆ ಬಣ್ಣ ಆ ಭಾಗದಾಚೆ ಹರಡದಂತೆ ಹಾಕುವ ಬೇಲಿ. ಇಡೀ ಕೋಟಿಗೆ ಒಂದೇ ಖಾಕಿ ಸುರಿದರೆ ಅದು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಹೆಗಲ ಮೇಲೆ ಆಕಾಶದ ನೀಲಿ ಬೀಳುತ್ತದೆ, ಮೊಣಕಾಲಿಗೆ ಮಣ್ಣು ಹತ್ತಿರುತ್ತದೆ, ಪಟ್ಟಿಯ ಅಡಿಯಲ್ಲಿ ಬಟ್ಟೆ ಮಾಸಿರುವುದಿಲ್ಲ. ಪೀಟರ್ ಜ್ಯಾಕ್ಸನ್ 2018ರಲ್ಲಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನ ಸಂಗ್ರಹದಿಂದ ‘ದೇ ಶಲ್ ನಾಟ್ ಗ್ರೋ ಓಲ್ಡ್’ ಚಿತ್ರವನ್ನು ಮಾಡುವಾಗ ಬಣ್ಣ ತಾಳೆ ನೋಡಲು ನೆಚ್ಚಿಕೊಂಡದ್ದು ತಾನೇ ಸಂಗ್ರಹಿಸಿಟ್ಟಿದ್ದ ಆ ಕಾಲದ ಸಮವಸ್ತ್ರಗಳನ್ನು.

2016ರಿಂದೀಚೆಗೆ ಯಂತ್ರಕಲಿಕೆಯ ತಂತ್ರಾಂಶಗಳು ಇದೇ ಕೆಲಸವನ್ನು ಕ್ಷಣಗಳಲ್ಲಿ ಮಾಡುತ್ತಿವೆ. ಲಕ್ಷಾಂತರ ಬಣ್ಣದ ಚಿತ್ರಗಳನ್ನು ನೋಡಿ ಕಲಿತ ಅವು ಹುಲ್ಲಿಗೆ ಹಸಿರು, ಬಾನಿಗೆ ನೀಲಿ ಚೆನ್ನಾಗಿಯೇ ಕೊಡುತ್ತವೆ. ಸಮವಸ್ತ್ರದ ಹತ್ತಿರ ಬಂದಾಗ ಸರಾಸರಿಗೆ ಜಾರಿ, ಎಲ್ಲ ಸೇನೆಗಳಿಗೂ ಒಂದೇ ಮಂಕು ಕಂದು ಬಳಿಯುತ್ತವೆ. ಫಲಕಕ್ಕೆ ಕೆಂಪು ಕಾಣುತ್ತಿರಲಿಲ್ಲ ಎಂಬುದಾಗಲಿ, ಅಲಿಜರಿನ್ ಸಿಗದೆಹೋಯಿತು ಎಂಬುದಾಗಲಿ ಅವುಗಳ ಲೆಕ್ಕದಲ್ಲಿಲ್ಲ. ಈ ಕೆಲಸಕ್ಕೆ ಸದ್ಯ ಅವು ಸಾಲವು.

ಮೈಸೂರು ಲ್ಯಾನ್ಸರ್ಸ್ ಪಡೆಯ ಚಿತ್ರಕ್ಕೆ ಬಣ್ಣ ಹಚ್ಚುವವರಿಗೆ ಇವೆಲ್ಲವೂ ಒಟ್ಟಿಗೆ ಎದುರಾಗುತ್ತವೆ. ಮೈಸೂರು ಸಂಸ್ಥಾನದ ಈ ಅಶ್ವದಳ 15ನೇ ಇಂಪೀರಿಯಲ್ ಸರ್ವಿಸ್ ಅಶ್ವಬ್ರಿಗೇಡಿನಲ್ಲಿ ಸುಯೆಜ್ ಕಾಲುವೆಯಿಂದ ಪ್ಯಾಲೆಸ್ಟೈನ್‌ವರೆಗೆ ಹೋರಾಡಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ಗೆದ್ದಿತು. ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಭಾರತೀಯ ಲ್ಯಾನ್ಸರ್‌ಗಳು ಆ ಊರಿನ ಬೀದಿಯಲ್ಲಿ ಸಾಗುತ್ತಿರುವ ಚಿತ್ರವಿದೆ. ಅದಕ್ಕೆ ಅರಮನೆಯ ಮೆರವಣಿಗೆಯ ಉಡುಪಿನ ಬಣ್ಣ ಒಗ್ಗದು. ಅಲ್ಲಿ ಬೇಕಾದದ್ದು ಬಿಸಿಲುಂಡ ಹತ್ತಿಯ ಡ್ರಿಲ್, ಅದೇ ಬಣ್ಣದ ಪೇಟ, ಬೆವರು ಕುಡಿದ ಕಂದು ಚರ್ಮದ ಜೀನು, ಈಟಿಯ ಬಿದಿರು. ಅದೇ ವರ್ಷ ಅದೇ ನಾಡಿನಲ್ಲಿ ಹರ್ಲಿ ತೆಗೆದ ಬಣ್ಣದ ಫಲಕಗಳು ಇಲ್ಲಿ ಅತ್ಯುತ್ತಮ ದಾರಿದೀಪ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವನೇ ಆದರೂ ಕಂಚಿನ ಪ್ರತಿಮೆ ಉಡುಪಿನ ಕಟ್ಟನ್ನು ಹೇಳೀತು, ಬಣ್ಣವನ್ನು ಹೇಳದು.

ಬಣ್ಣದ ಹೆಸರಿನಲ್ಲಿ ಚಿತ್ರವನ್ನೇ ಬದಲಿಸುವ ಚಾಳಿಯೂ ಇದೆ. 2021ರಲ್ಲಿ ಕಾಂಬೋಡಿಯದ ತುವೋಲ್ ಸ್ಲೆಂಗ್ ಸೆರೆಮನೆಯ ಕೈದಿಗಳ ಚಿತ್ರಗಳಿಗೆ ಬಣ್ಣದ ಜೊತೆಗೆ ನಗುವನ್ನೂ ಸೇರಿಸಿದ್ದು ಬಯಲಾಗಿ, ಆ ದೇಶದ ಸರ್ಕಾರ ಪ್ರತಿಭಟಿಸಿದ ಮೇಲೆ ಪ್ರಕಟಣೆಯನ್ನು ಹಿಂತೆಗೆಯಬೇಕಾಯಿತು. ಹೊಣೆಯರಿತ ಕಲಾವಿದರು ಮೂಲಚಿತ್ರವನ್ನು ಪಕ್ಕದಲ್ಲೇ ಇಟ್ಟು, ಯಾವ ಬಣ್ಣಕ್ಕೆ ಯಾವ ಆಧಾರ, ಯಾವುದು ಊಹೆ ಎಂದು ಬರೆಯುತ್ತಾರೆ. ಅಂಥ ಟಿಪ್ಪಣಿಯಿಲ್ಲದ ವರ್ಣಚಿತ್ರವನ್ನು ಇತಿಹಾಸದ ಪುರಾವೆಯಾಗಿ ಬಳಸಬಾರದು.

ಕೊಡಗು, ಮೈಸೂರು, ಬೆಂಗಳೂರಿನ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜಂದಿರ ಸೇನಾ ಉಡುಪು, ಪದಕ, ಗುಂಪುಚಿತ್ರಗಳು ಇನ್ನೂ ಇವೆ. ಆ ಬಟ್ಟೆಯನ್ನು ಒಗೆಯಬಾರದು, ಡ್ರೈಕ್ಲೀನಿಂಗಿಗೂ ಕೊಡಬಾರದು. ಹೊರಮೈ ಎಷ್ಟೇ ಮಾಸಿದ್ದರೂ ಕಾಲರಿನ ಅಡಿ, ಜೇಬಿನ ಮುಚ್ಚಳದ ಒಳಬದಿ, ಹೊಲಿಗೆಯ ಮಡಿಕೆಯಲ್ಲಿ ಹಾಕಿದಾಗಿನ ಬಣ್ಣ ಉಳಿದಿರುತ್ತದೆ. ಆ ಮಡಿಕೆಯನ್ನು ಹಗಲು ಬೆಳಕಿನಲ್ಲಿ ಬಿಡಿಸಿ, ಒಂದು ಬಿಳಿ ಕಾಗದದ ಪಕ್ಕದಲ್ಲಿಟ್ಟು ಫೋಟೊ ತೆಗೆದು, ತೊಟ್ಟವರ ಹೆಸರು ಮತ್ತು ರೆಜಿಮೆಂಟಿನೊಡನೆ ಬರೆದಿಟ್ಟರೆ, ಆ ಪಡೆಯ ಚಿತ್ರಕ್ಕೆ ಮುಂದೆ ಬಣ್ಣ ಹಚ್ಚುವವರಿಗೆ ಒಂದು ಗಟ್ಟಿ ಆಧಾರ ಸಿಗುತ್ತದೆ.